ಬೆರಳುದ್ದದ ಬೂತಾಯಿ

ಮಂಗಳೂರಿನ ಕಂಕನಾಡಿಯಲ್ಲಿ ಮೀನು ಕೊಳ್ಳುವಾಗ ನನಗೊಂದು ಚಾಳಿ. ಕಿವಿರು ಎತ್ತಿ ನೋಡುವ ಮೊದಲು ಬೂತಾಯಿಯನ್ನು ಅಂಗೈಗೆ ಅಡ್ಡ ಇಟ್ಟು ಅಳೆಯುತ್ತೇನೆ. ತಲೆ, ಬಾಲ ಆಚೀಚೆ ಇಣುಕಬೇಕು. ಅಂಗೈಯೊಳಗೇ ಅಡಗಿದರೆ ವಾಪಸು.

"ಸಣ್ಣದೇ ರುಚಿ ಅಣ್ಣಾ, ಮುಳ್ಳು ಸಮೇತ ತಿನ್ನಬಹುದು" ಅನ್ನುತ್ತಾರೆ ಮೀನಿನ ಅಕ್ಕ. ಹುರಿದರೆ ಹೌದು. ಪುಳಿಮುಂಚಿಗೆ ಮಾತ್ರ ಆಗದು. ಬೂತಾಯಿ ಮಳೆಗಾಲದಲ್ಲಿ ಮೊಟ್ಟೆಯಿಟ್ಟು, ಮಳೆ ಕಳೆದ ಮೇಲೆ ಮೇದು ಕೊಬ್ಬುವ ಮೀನು. ಆ ಎಣ್ಣೆ ಸಾರಿನ ಮೇಲೆ ತೇಲದಿದ್ದರೆ ಹುಣಸೆ, ಮೆಣಸು ಎರಡೂ ದಂಡ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ದಡದಲ್ಲಿರುವುದು ಮೀನು ಮೊಟ್ಟೆಯಿಡಲೆಂದೇ. 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ಜೂನ್ ಕೊನೆಯ ಮಂಜುಗಡ್ಡೆ ಮೀನು ಯಾವ ಕಡಲಿನದೆಂದು ಕೇಳಿ ಕೊಳ್ಳುವುದು ಒಳ್ಳೆಯದು.

ಕಾನೂನಿಗೆ ಬರವಿಲ್ಲ. ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದು. ಆದರೆ ಅದರ ಕೈ ಚಾಚುವುದು 12 ನಾಟಿಕಲ್ ಮೈಲಿವರೆಗೆ. ಆಚೆಯ ಕಡಲು ಕೇಂದ್ರದ್ದು. ರಾತ್ರಿ ಜನರೇಟರ್ ಓಡಿಸಿ, ಎಲ್ಇಡಿ ದೀಪ ಹಾಯಿಸಿ, ಬೆಳಕಿಗೆ ಮುತ್ತುವ ಬೊಂಡಾಸ್, ಬಂಗುಡೆಗಳನ್ನು ಮರಿಗಳ ಸಮೇತ ಬಾಚುವ ಲೈಟ್ ಫಿಶಿಂಗ್, ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್, ಎರಡನ್ನೂ ಆ ಕಡಲಿನಲ್ಲಿ ಕೇಂದ್ರ ನಿಷೇಧಿಸಿದ್ದು 2017ರ ನವೆಂಬರ್‌ನಲ್ಲಿ. ಕತ್ತಲಲ್ಲಿ ಯಾರ ದೀಪ ಯಾವ ಗೆರೆಯ ಆಚೆಗಿದೆ ಎಂದು ನೋಡುವವರಾರು?

ಬೋಟನ್ನು ಕಡಲಲ್ಲಿ ಹಿಡಿಯುವುದಕ್ಕಿಂತ ಮೀನನ್ನು ದಡದಲ್ಲಿ ಅಳೆಯುವುದು ಸುಲಭ. ಪಕ್ಕದ ಕೇರಳ 2015ರಲ್ಲೇ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಎಂದು ಕನಿಷ್ಠ ಅಳತೆ ಕಟ್ಟಿತು. ನನ್ನ ಅಂಗೈ ಲೆಕ್ಕ ಅಲ್ಲಿಂದ ಕದ್ದದ್ದು. ಆದರೆ ನಾನು ಬಿಟ್ಟ ಮರಿ ಕಡಲಿಗೇನೂ ಮರಳದು. ಕೊಳ್ಳುವವರಿಲ್ಲದ ಮರಿಗೆ ಮೀನಿನ ಹುಡಿಯ ಕಾರ್ಖಾನೆಯಿದೆ. ಅಲ್ಲಿ ರುಚಿಯ ಮಾತಿಲ್ಲ, ತೂಕದ್ದೇ ಮಾತು.

ಮೊನ್ನೆಯೂ ಅಂಗೈ ಚಾಚಿದೆ. ಅಕ್ಕ ನಕ್ಕರು. "ಏಲಂ ಕೂಗುವವ ಅಳತೆ ಕೇಳುವುದಿಲ್ಲ, ನನ್ನ ಹತ್ತಿರ ಮಾತ್ರ ನೀವು ಕೇಳುತ್ತೀರಿ."

ಉತ್ತರ ಹೊಳೆಯಲಿಲ್ಲ. ಅರ್ಧ ಕಿಲೋ ಬಂಗುಡೆ ಕೊಂಡೆ, ಚೌಕಾಸಿ ಮಾಡದೆ.