ಪ್ರಾರ್ಥನೆಗೆ ದೊರೆತ ಮೂರು ವರ್ಷ: ಲ್ಯೂಯಿಸನ ಶೋಕಗ್ರಂಥವನ್ನು ಕುರಿತು

ಪ್ರಾರ್ಥನೆಯಿಂದ ವ್ಯಾಧಿಯು ವಾಸಿಯಾಗುವುದೆಂಬ ನಂಬಿಕೆಯು ಕ್ರೈಸ್ತಮತಕ್ಕೆ ಹೊರಗಿನಿಂದ ಬಂದು ಸೇರಿದುದಲ್ಲ. ಅದರ ಮೂಲಗ್ರಂಥದಲ್ಲಿಯೇ ಇದೆ. ಯೇಸುವು ಕುಷ್ಠರೋಗಿಯನ್ನು ಮುಟ್ಟಿ ಶುದ್ಧಮಾಡಿದುದು, ಯಾಯೀರನ ಮಗಳನ್ನು ಕೈಹಿಡಿದು ಎಬ್ಬಿಸಿದುದು, ಸತ್ತು ನಾಲ್ಕು ದಿನಗಳಾಗಿದ್ದ ಲಾಜರನನ್ನು ಸಮಾಧಿಯ ಗವಿಯಿಂದ ಹೊರಕ್ಕೆ ಕರೆದುದು, ಇವು ಸುವಾರ್ತೆಗಳನ್ನು ಒಮ್ಮೆ ಓದಿದವರಿಗೂ ನೆನಪಿನಲ್ಲಿ ಉಳಿಯತಕ್ಕ ಸಂಗತಿಗಳು. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ, ರೋಗಿಯು ಸಭೆಯ ಹಿರಿಯರನ್ನು ಕರೆಯಿಸಬೇಕೆಂದೂ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆಂದೂ, ನಂಬಿ ಮಾಡಿದ ಪ್ರಾರ್ಥನೆಯು ಅವನನ್ನು ಉಳಿಸುವುದೆಂದೂ ಸ್ಪಷ್ಟವಾದ ವಿಧಿಯಿದೆ. ಆದರೆ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಲ ಬೇಡಿದನೆಂದೂ, ಅದು ಹೋಗಲಿಲ್ಲವೆಂದೂ ಅದೇ ಗ್ರಂಥವು ಹೇಳುತ್ತದೆ; ಗೆತ್ಸೇಮನೆಯ ತೋಟದಲ್ಲಿ ಯೇಸುವು ಬೇಡಿದ ಬೇಡಿಕೆಯೂ ನಡೆಯಲಿಲ್ಲ. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡ ಒಬ್ಬ ಪಂಡಿತನು ತನ್ನ ಸಂಕಟವನ್ನು ಬರೆದಿಟ್ಟ ಸಣ್ಣ ಗ್ರಂಥವೊಂದನ್ನು ವಾಚಕಮಹಾಶಯರ ಮುಂದಿಡಬೇಕೆಂದು ನನ್ನ ಅಪೇಕ್ಷೆ. 'ಎ ಗ್ರೀಫ್ ಅಬ್ಸರ್ವ್ಡ್' ಎಂಬುದು ಅದರ ಹೆಸರು. 1961ರಲ್ಲಿ ಲಂಡನ್ನಿನ ಫೇಬರ್ ಸಂಸ್ಥೆಯಿಂದ ಎನ್. ಡಬ್ಲ್ಯು. ಕ್ಲರ್ಕ್ ಎಂಬ ಹುಸಿ ಹೆಸರಿನಲ್ಲಿ ಹೊರಬಂದ ಈ ಪುಸ್ತಕದ ಕರ್ತನು ಸಿ. ಎಸ್. ಲ್ಯೂಯಿಸನೆಂಬುದು 1963ರಲ್ಲಿ ಅವನು ತೀರಿಕೊಂಡ ಮೇಲೆಯೇ ಮುಖಪುಟದಲ್ಲಿ ಅಚ್ಚಾಯಿತು.

ಲ್ಯೂಯಿಸನು 1898ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಹುಟ್ಟಿದನು. ಆಕ್ಸ್‌ಫರ್ಡಿನಲ್ಲಿ ಬಹುಕಾಲ ಪಾಠ ಹೇಳಿ, ಅನಂತರ ಕೇಂಬ್ರಿಜ್ಜಿನಲ್ಲಿ ಸಾಹಿತ್ಯದ ಪ್ರಾಧ್ಯಾಪಕನಾದನು. ಅವನಿಗೆ ಒಂಬತ್ತು ವರ್ಷವಾಗಿದ್ದಾಗ, 1908ರಲ್ಲಿ, ತಾಯಿಯು ಕ್ಯಾನ್ಸರ್ ಎಂದು ಕರೆಯುವ ಅರ್ಬುದರೋಗದಿಂದ ತೀರಿಕೊಂಡಳು. ಬಾಲಕನು ತಾಯಿ ಬದುಕಲೆಂದು ಪ್ರಾರ್ಥಿಸಿದ್ದನು. ಆಕೆ ಸತ್ತ ಮೇಲೆಯೂ ಪವಾಡ ನಡೆದೀತೆಂದು ಕಾದಿದ್ದನು. 1955ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಇದನ್ನು ಹೇಳುತ್ತ, ತಾನು ಆಗ ದೇವರನ್ನು ಒಬ್ಬ ಮಾಂತ್ರಿಕನೆಂದು ಎಣಿಸಿದ್ದೆನೇ ಹೊರತು ಅದರಲ್ಲಿ ಭಕ್ತಿಯೂ ಇರಲಿಲ್ಲ, ಭಯವೂ ಇರಲಿಲ್ಲ, ಆದಕಾರಣ ಆ ನಿರಾಶೆಯಿಂದ ತನ್ನ ಧರ್ಮಬುದ್ಧಿಗೆ ಏನೂ ಆಗಲಿಲ್ಲವೆಂದು ಬಹಳ ತಣ್ಣಗೆ ಬರೆದಿದ್ದಾನೆ. ಐವತ್ತೈದು ದಾಟಿದ ವಿದ್ವಾಂಸನಿಗೆ ಹೀಗೆ ತೋರಿತು; ಒಂಬತ್ತರ ಹುಡುಗನಿಗೂ ಹಾಗೆಯೇ ತೋರಿತ್ತೆಂದು ನಾನಂತೂ ನಂಬಲಾರೆ.

ಮುಂದೆ ಅವನು ನಾಸ್ತಿಕನಾಗಿ, ಮತ್ತೆ ಆಸ್ತಿಕನಾಗಿ, 1940ರಲ್ಲಿ ದುಃಖಕ್ಕೂ ದೇವರ ದಯೆಗೂ ಹೊಂದಿಕೆಯನ್ನು ತೋರಿಸುವ 'ದಿ ಪ್ರಾಬ್ಲಮ್ ಆಫ್ ಪೇಯ್ನ್' ಎಂಬ ಗ್ರಂಥವನ್ನೂ ಬರೆದನು. ತರ್ಕದಲ್ಲಿ ಬಿಗಿಯಾದ ಪುಸ್ತಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪರರ ದುಃಖವನ್ನು ಕುರಿತು ಬಿಗಿಯಾಗಿ ತರ್ಕಿಸುವುದು ಸುಲಭವೆಂಬುದು ಅವನಿಗೆ ಇಪ್ಪತ್ತು ವರ್ಷಗಳ ಮೇಲೆ ತಿಳಿಯಿತು.

ಅವನ ಪತ್ನಿ ಜಾಯ್ ಡೇವಿಡ್‌ಮನ್ ಎಂಬಾಕೆ ನ್ಯೂಯಾರ್ಕಿನಲ್ಲಿ ಯೆಹೂದ್ಯ ಮನೆತನದಲ್ಲಿ ಹುಟ್ಟಿದ ಕವಯಿತ್ರಿ. ಮೊದಲ ವಿವಾಹವು ಮುರಿದು, ಇಬ್ಬರು ಗಂಡುಮಕ್ಕಳೊಡನೆ ಇಂಗ್ಲೆಂಡಿಗೆ ಬಂದಿದ್ದಳು. ಆಕೆಗೆ ಅಲ್ಲಿ ನೆಲಸಲು ಹಕ್ಕು ದೊರೆಯಲೆಂದು 1956ರಲ್ಲಿ ಲ್ಯೂಯಿಸನು ಸರ್ಕಾರದ ಕಚೇರಿಯಲ್ಲಿ ವಿವಾಹವನ್ನು ದಾಖಲು ಮಾಡಿಸಿದನು. ಅದೇ ವರ್ಷ ಆಕೆ ಬಿದ್ದು ತೊಡೆಯ ಮೂಳೆ ಮುರಿಯಿತು. ಪರೀಕ್ಷಿಸಿದಾಗ ಮೂಳೆಯನ್ನು ಅರ್ಬುದವು ತಿಂದುಹಾಕಿತ್ತು. 1957ರ ಮಾರ್ಚ್ 21ರಂದು ಆಕ್ಸ್‌ಫರ್ಡಿನ ಆಸ್ಪತ್ರೆಯಲ್ಲಿ, ಮಂಚದ ಬಳಿಯಲ್ಲಿ, ಪೀಟರ್ ಬೈಡ್ ಎಂಬ ಪಾದ್ರಿಯು ಇವರಿಗೆ ಕ್ರೈಸ್ತವಿಧಿಯಂತೆ ಮದುವೆ ಮಾಡಿಸಿದನು. ವಿಚ್ಛೇದಿತೆಗೆ ಹಾಗೆ ಮಾಡಲು ಅಲ್ಲಿಯ ಬಿಷಪ್ಪನ ಅನುಮತಿ ಇರಲಿಲ್ಲ. ಬೈಡನನ್ನು ಕರೆಯಿಸಿದುದು ಮದುವೆಗಲ್ಲ, ರೋಗಿಯ ಮೇಲೆ ಕೈಯಿಟ್ಟು ಪ್ರಾರ್ಥಿಸಲು. ಅದನ್ನೂ ಅವನು ಮಾಡಿದನು.

ಆಕೆ ಬದುಕಿಕೊಂಡಳು. ಸಾಯಲೆಂದು ಮನೆಗೆ ಕಳುಹಿಸಲ್ಪಟ್ಟವಳು ಎದ್ದು ಕುಳಿತಳು, ನಿಂತಳು, ಕೋಲು ಹಿಡಿದು ನಡೆದಳು. 1959ರಲ್ಲಿ ಲ್ಯೂಯಿಸನು ಅಮೆರಿಕದ 'ಅಟ್ಲಾಂಟಿಕ್' ಮಾಸಪತ್ರಿಕೆಯಲ್ಲಿ ಪ್ರಾರ್ಥನೆಯ ಸಾಮರ್ಥ್ಯವನ್ನು ಕುರಿತು ಬರೆದ ಪ್ರಬಂಧದಲ್ಲಿ ಈ ಸಂಗತಿಯಿದೆ. ಆದರೆ ಅಲ್ಲಿ ಆಕೆ ತನ್ನ ಹೆಂಡತಿಯೆಂಬ ಮಾತಿಲ್ಲ, ಯಾರೋ ಒಬ್ಬ ರೋಗಿ. ವೈದ್ಯರು ಕೆಲವು ತಿಂಗಳೆಂದೂ, ದಾದಿಯರು ಕೆಲವು ವಾರಗಳೆಂದೂ ಹೇಳಿದ್ದರು. ಒಬ್ಬ ಸಜ್ಜನನು ಕೈಯಿಟ್ಟು ಪ್ರಾರ್ಥಿಸಿದನು. ವರ್ಷದ ಮೇಲೆ ಆಕೆ ಕಾಡುದಾರಿಯಲ್ಲಿ ಏರುಮುಖವಾಗಿ ನಡೆಯುತ್ತಿದ್ದಳು. ಇಷ್ಟು ಹೇಳಿದ ಮರುಕ್ಷಣದಲ್ಲಿಯೇ, ಇದು ಪ್ರಮಾಣವಾಗಲಾರದೆಂದು ಅವನೇ ಹೇಳುತ್ತಾನೆ. ವೈದ್ಯವು ಗಣಿತದಂತೆ ನಿಶ್ಚಿತವಾದ ಶಾಸ್ತ್ರವಲ್ಲ, ಕಿರಣಚಿಕಿತ್ಸೆಯೂ ನಡೆದಿತ್ತು. ಅಲ್ಲದೆ ಪ್ರಾರ್ಥನೆಯೆಂಬುದು ಬೇಡಿಕೆ; ಬೇಡಿಕೆಯೆಂದ ಮೇಲೆ ಕೊಡುವವನಿಗೆ ಕೊಡದಿರುವ ಸ್ವಾತಂತ್ರ್ಯವೂ ಇರಬೇಕು. ಬೇಡಿದುದೆಲ್ಲ ತಪ್ಪದೆ ಸಿಕ್ಕುವುದಾದರೆ ಅದು ಪ್ರಾರ್ಥನೆಯಲ್ಲ, ಮಂತ್ರವಿದ್ಯೆ. ಬಾಲ್ಯದ ಆ ಮಾಂತ್ರಿಕನನ್ನು ಅವನು ಇಲ್ಲಿ ನೆನಪಿಟ್ಟುಕೊಂಡೇ ಬರೆದನೆಂದು ತೋರುತ್ತದೆ.

ಈ ಪ್ರಬಂಧದಲ್ಲಿ ನಾನು ಮುಖ್ಯವೆಂದು ಎಣಿಸುವ ಅಂಶವು ಬೇರೊಂದು. ಸ್ವಸ್ಥತೆಯ ನಂಬಿಕೆಯಲ್ಲಿ ಒಂದು ಕ್ರೌರ್ಯವು ಅಡಗಿದೆ: ರೋಗಿಯು ಗುಣವಾಗದಿದ್ದರೆ ಅವನ ನಂಬಿಕೆ ಸಾಲದಾಯಿತೆಂದು ಅರ್ಥವಾಗುತ್ತದೆ. ಸಾಯುವವನು ರೋಗದ ಜೊತೆಗೆ ಈ ಅಪರಾಧವನ್ನೂ ಹೊರಬೇಕು. ಲ್ಯೂಯಿಸನು ಈ ದಾರಿಯನ್ನು ಮುಚ್ಚಿದ್ದಾನೆ. ಬೆರಗುಗೊಳಿಸುವ ಉತ್ತರಗಳು ಭಕ್ತಿಯ ಆರಂಭದಲ್ಲಿ ಹೆಚ್ಚಾಗಿಯೂ, ಭಕ್ತನು ಬಲಿತಂತೆಲ್ಲ ಅಪರೂಪವಾಗಿಯೂ ದೊರೆಯುವುವೆಂಬ ಒಬ್ಬ ಅನುಭವಿಯ ಮಾತನ್ನು ಉದಾಹರಿಸಿ, ಗುಣವಾದವರು ಹೆಮ್ಮೆಪಡಬಾರದು, ತಾವು ದುರ್ಬಲರೆಂದೇ ಮೃದುವಾಗಿ ನಡೆಸಲ್ಪಟ್ಟಿರಬಹುದು ಎಂಬರ್ಥದಲ್ಲಿ ಮುಗಿಸುತ್ತಾನೆ. ಪತ್ನಿಯು ಎದುರಿಗೆ ನಡೆದಾಡುತ್ತಿದ್ದ ಕಾಲದಲ್ಲಿ ಇಷ್ಟನ್ನು ಬರೆಯುವುದಕ್ಕೆ ಧೈರ್ಯ ಬೇಕು.

ಇನ್ನೊಂದು ವಿಷಯವು ನಮ್ಮವರಿಗೆ ಸ್ವಾರಸ್ಯವಾಗಿ ಕಂಡೀತು. ಆಕೆಯ ಮೂಳೆಗಳು ಗಟ್ಟಿಯಾಗುತ್ತಿದ್ದ ಆ ತಿಂಗಳುಗಳಲ್ಲಿಯೇ ಲ್ಯೂಯಿಸನ ಮೂಳೆಗಳು ಸುಣ್ಣದಂಶವನ್ನು ಕಳೆದುಕೊಂಡು ಕ್ಷೀಣಿಸಿದವು. ಒಬ್ಬರ ನೋವನ್ನು ಇನ್ನೊಬ್ಬರು ಪ್ರೀತಿಯಿಂದ ಹೊರಬಹುದೆಂದು ಅವನ ಮಿತ್ರನಾಗಿದ್ದ ಚಾರ್ಲ್ಸ್ ವಿಲಿಯಮ್ಸನು ಪ್ರತಿಪಾದಿಸಿದ್ದನು; ತನಗೆ ಅದು ದಯಪಾಲಿಸಲ್ಪಟ್ಟಿತೆಂದು ಲ್ಯೂಯಿಸನು ನಂಬಿದನು. ಯಯಾತಿಯ ಮುಪ್ಪನ್ನು ಪೂರುವು ತೆಗೆದುಕೊಂಡ ಕಥೆಯನ್ನು ಬಲ್ಲ ನಮಗೆ ಇದು ವಿಚಿತ್ರವಲ್ಲ. ಆದರೆ ವ್ಯಾಸರು ಆ ಕಥೆಯನ್ನು ಅಲ್ಲಿಗೇ ನಿಲ್ಲಿಸುವುದಿಲ್ಲ. ಸಾವಿರ ವರ್ಷಗಳ ಮೇಲೆ ಯಯಾತಿಯು ಯೌವನವನ್ನು ಹಿಂದಕ್ಕೆ ಕೊಡಲೇಬೇಕಾಗುತ್ತದೆ.

1959ರ ಅಕ್ಟೋಬರಿನಲ್ಲಿ ರೋಗವು ಮರಳಿತು. ಮರುವರ್ಷ ಏಪ್ರಿಲಿನಲ್ಲಿ ದಂಪತಿಗಳು ಗ್ರೀಸ್ ದೇಶವನ್ನು ನೋಡಿಬಂದರು. ಜುಲೈ 13ರಂದು ಆಕೆ ತೀರಿಕೊಂಡಳು. ಆಗ ಆಕೆಗೆ ನಾಲ್ವತ್ತೈದು ವರ್ಷ.

ಗ್ರಂಥವು ಇಲ್ಲಿಂದ ಮೊದಲಾಗುತ್ತದೆ. ಮನೆಯಲ್ಲಿ ಸಿಕ್ಕಿದ ಬರೆಯದ ಪುಸ್ತಕಗಳಲ್ಲಿ ತನಗೆ ತೋರಿದುದನ್ನು ತೋರಿದಂತೆ ಬರೆದಿಟ್ಟಿದ್ದಾನೆ. ಆದುದರಿಂದ ನಾಲ್ಕು ಭಾಗಗಳು. ಪತ್ನಿಯ ಹೆಸರಿಲ್ಲ, 'ಎಚ್' ಎಂಬ ಒಂದಕ್ಷರ ಮಾತ್ರ. ಮೊದಲ ಭಾಗದಲ್ಲಿ ದೇವರ ಬಾಗಿಲು ಮುಖದ ಮೇಲೆ ಮುಚ್ಚಿ, ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳುತ್ತದೆ. ಎರಡನೆಯದರಲ್ಲಿ ಮಾತು ಇನ್ನೂ ಕಠಿನವಾಗುತ್ತದೆ. ತಮ್ಮ ಪ್ರಾರ್ಥನೆಗಳ ನೆನಪೇ ಈಗ ಪ್ರಾರ್ಥಿಸಲು ಬಿಡುವುದಿಲ್ಲವೆಂದು ಅವನು ಬರೆಯುತ್ತಾನೆ. ಆಸೆಯನ್ನು ತಾವಾಗಿ ಕಟ್ಟಿಕೊಳ್ಳಲಿಲ್ಲ. ತಪ್ಪು ರೋಗನಿರ್ಣಯ, ಕ್ಷ-ಕಿರಣದ ಚಿತ್ರಗಳು, ವಿಚಿತ್ರವಾದ ಉಪಶಮನಗಳು, ಪವಾಡವೆನ್ನಬಹುದಾಗಿದ್ದ ಆ ಒಂದು ಚೇತರಿಕೆ, ಇವೆಲ್ಲ ಸೇರಿ ತಮ್ಮನ್ನು ಹೆಜ್ಜೆಹೆಜ್ಜೆಯಾಗಿ ನಂಬಿಸಿ ಕರೆದುಕೊಂಡು ಹೋದುವು. ಹಾಗಾದರೆ ನಂಬಿಸಿದವನು ಎಂಥವನು? ದೇವರಿಲ್ಲವೆಂಬ ಭಯ ಅವನಿಗಿಲ್ಲ. ದೇವರಿದ್ದು ಕ್ರೂರಿಯಾಗಿದ್ದರೆ ಏನು ಗತಿ ಎಂಬುದೇ ಭಯ. ಎರಡು ವರ್ಷದ ಹಿಂದೆ ಯಾವ ಸಂಗತಿಯನ್ನು ಕೃತಜ್ಞತೆಯಿಂದ ಬರೆದಿದ್ದನೋ ಅದೇ ಸಂಗತಿ, ಅದೇ ಲೇಖನಿ. ಆಸ್ತಿಕನೊಬ್ಬನು ತನಗೆ ದೊರೆತ ವರವನ್ನೇ ಹೀಗೆ ಸಾಕ್ಷಿಗೆ ನಿಲ್ಲಿಸಿ ಸವಾಲು ಹಾಕಿದುದನ್ನು ನಾನು ಬೇರೆಲ್ಲಿಯೂ ಓದಿಲ್ಲ. ಯೋಬನು ವಾದಿಸಿದನು ನಿಜ. ಆದರೆ ಅವನಿಗೆ ವರವು ದೊರೆತುದು ವಾದದ ಅನಂತರ.

ಲಾಜರನ ಪ್ರಸಂಗವು ಮೂರನೆಯ ಭಾಗದಲ್ಲಿ ಬರುತ್ತದೆ. ಮೃತಳನ್ನು ಹಿಂದಕ್ಕೆ ಬಯಸುವುದು ಆಕೆಯ ಹಿತಕ್ಕೋ ತನ್ನ ಹಿತಕ್ಕೋ ಎಂದು ಪ್ರಶ್ನಿಸಿಕೊಂಡು, ಎದ್ದು ಬಂದವನು ಇನ್ನೊಮ್ಮೆ ಸಾಯಬೇಕಾಯಿತಲ್ಲವೇ, ಸ್ತೆಫನನಿಗಿಂತ ಅವನಲ್ಲವೇ ಮೊದಲ ಹುತಾತ್ಮನು ಎಂದು ಕೇಳುತ್ತಾನೆ. ಸ್ವಸ್ಥತೆಯ ಪವಾಡಗಳನ್ನೆಲ್ಲ ಈ ಒಂದು ಪ್ರಶ್ನೆಯು ಬೇರೆ ಬೆಳಕಿನಲ್ಲಿ ತೋರಿಸುತ್ತದೆ. ಯಾಯೀರನ ಮಗಳೂ ಮುಂದೊಂದು ದಿನ ತೀರಿಕೊಂಡಿರಬೇಕು. ಗುಣಪಡಿಸುವ ಪ್ರಾರ್ಥನೆಯು ಮರಣವನ್ನು ಗೆಲ್ಲುವುದಿಲ್ಲ; ವಾಯಿದೆಯನ್ನು ಮುಂದಕ್ಕೆ ಹಾಕಿಸುತ್ತದೆ.

ಕಾಳಿದಾಸನನ್ನು ಓದಿ ಬೆಳೆದವರಿಗೆ ಇಲ್ಲಿ ರಘುವಂಶದ ಎಂಟನೆಯ ಸರ್ಗವು ನೆನಪಾಗದೆ ಇರದು. ನಾರದನ ವೀಣೆಯಿಂದ ಜಾರಿದ ಹೂಮಾಲೆ ತಗುಲಿ ಇಂದುಮತಿಯು ಸಾಯುತ್ತಾಳೆ; ಅಜನು ವಿಲಪಿಸುತ್ತಾನೆ; ಯಜ್ಞದೀಕ್ಷೆಯಲ್ಲಿದ್ದ ವಸಿಷ್ಠನು ಶಿಷ್ಯನ ಮೂಲಕ ತತ್ತ್ವೋಪದೇಶವನ್ನು ಕಳುಹಿಸುತ್ತಾನೆ. ಅಜನು ವಿನಯದಿಂದ ಕೇಳಿ ಶಿಷ್ಯನನ್ನು ಬೀಳ್ಕೊಡುತ್ತಾನೆ. ಆದರೆ ಶೋಕ ತುಂಬಿದ ಎದೆಯಲ್ಲಿ ಎಡೆಯಿಲ್ಲದೆ ಆ ಉಪದೇಶವು ಗುರುವಿನ ಬಳಿಗೇ ಹಿಂದಿರುಗಿದಂತಾಯಿತೆಂದು ಕವಿಯು ಸೂಚಿಸುತ್ತಾನೆ. ಮಗನು ಚಿಕ್ಕವನೆಂದು ಎಂಟು ವರ್ಷ ಹೇಗೋ ಕಳೆದು, ಗಂಗಾಸರಯೂಸಂಗಮದಲ್ಲಿ ದೇಹವನ್ನು ಬಿಟ್ಟು, ಅಜನು ನಂದನವನದಲ್ಲಿ ಅವಳನ್ನು ಸೇರುತ್ತಾನೆ. ಲ್ಯೂಯಿಸನು ಈ ಕೊನೆಯ ಭಾಗ್ಯವನ್ನು ತನಗೆ ನಿಷೇಧಿಸಿಕೊಂಡಿದ್ದಾನೆ. ಆಚೆಯ ದಡದಲ್ಲಿ ಮತ್ತೆ ಕೂಡುವೆವು, ಅಲ್ಲಿಯೂ ಇಲ್ಲಿಯಂತೆಯೇ ಸಂಸಾರ ನಡೆಯುವುದು ಎಂಬ ಚಿತ್ರವು ಶಾಸ್ತ್ರದಲ್ಲಿಲ್ಲ, ಅದು ಸಾಂತ್ವನಕ್ಕಾಗಿ ಹೆಣೆದುದೆಂದು ತಳ್ಳಿಬಿಡುತ್ತಾನೆ.

ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಶೋಕವು ಸ್ಥಾಯಿಭಾವ. ಅದು ಸಾಧಾರಣೀಕರಣದಿಂದ ಕರುಣರಸವಾಗಬೇಕು. ವಾಲ್ಮೀಕಿಯ ಶೋಕವು ಶ್ಲೋಕವಾಯಿತು. ಈ ಗ್ರಂಥದಲ್ಲಿ ಹಾಗಾಗಿಲ್ಲ. ಹೆಸರಿನಲ್ಲಿಯೇ ಅವನು ಶೋಕಸಾಮಾನ್ಯವನ್ನು ಬಿಟ್ಟು 'ಒಂದು ಶೋಕ' ಎಂದಿದ್ದಾನೆ. ಪರಂಪರೆಯ ಅಳತೆಯಿಂದ ಇದು ಕಾವ್ಯವಲ್ಲ, ಕಚ್ಚಾ ಸಾಮಗ್ರಿ. ಹೀಗಿದ್ದರೂ ಓದುವವನ ಗಂಟಲು ಕಟ್ಟುತ್ತದೆ. ಇದಕ್ಕೆ ನಮ್ಮ ಲಕ್ಷಣಗ್ರಂಥಗಳಲ್ಲಿ ಏನು ಸಮಾಧಾನವೆಂದು ಬಲ್ಲವರು ತಿಳಿಸಬೇಕು.

ದೋಷವನ್ನೂ ಹೇಳಬೇಕು. ನಾಲ್ಕನೆಯ ಭಾಗದಲ್ಲಿ ಮನಸ್ಸು ತಿಳಿಯಾಗುತ್ತದೆ; ಬಾಗಿಲು ಈಗ ಮುಚ್ಚಿದಂತೆ ಕಾಣುವುದಿಲ್ಲ. ಅದು ಸಹಜ. ಆದರೆ ಅದಕ್ಕೂ ಮೊದಲು, ದಯಾಳುವಾದ ಶಸ್ತ್ರವೈದ್ಯನು ರೋಗಿ ಎಷ್ಟು ಬೇಡಿಕೊಂಡರೂ ಕೊಯ್ಯುವುದನ್ನು ನಿಲ್ಲಿಸನೆಂಬ ದೃಷ್ಟಾಂತದಿಂದ ಎರಡನೆಯ ಭಾಗದ ಸವಾಲಿಗೆ ಉತ್ತರವಿತ್ತಂತೆ ನಡೆದುಕೊಂಡಿದ್ದಾನೆ. ಇದು 1940ರ ತಾರ್ಕಿಕನ ಧ್ವನಿ. ಶಸ್ತ್ರವೈದ್ಯನು ಮಧ್ಯದಲ್ಲಿ ನಿಲ್ಲಿಸಿ, ಗುಣವಾಯಿತೆಂದು ಹೇಳಿ ಮನೆಗೆ ಕಳುಹಿಸಿ, ಎರಡೂವರೆ ವರ್ಷದ ಮೇಲೆ ಹಿಂದಕ್ಕೆ ಕರೆಯುವುದಿಲ್ಲ. ಆ ಮೂರು ವರ್ಷಗಳು ವರವೋ ವಂಚನೆಯೋ ಎಂದು ಕೇಳಿದವನು ಅವನೇ. ಆ ಪ್ರಶ್ನೆಗೆ ಮರಳಿ ಬರಲೇ ಇಲ್ಲ.

ಈ ಆಕ್ಷೇಪವನ್ನು ಹೇಳುವ ನನಗೆ ಎಷ್ಟು ಅಧಿಕಾರವಿದೆಯೋ ತಿಳಿಯದು. ಅನೇಕ ವರ್ಷಗಳ ಹಿಂದೆ, ನೆರೆಮನೆಯ ತಾಯಿಯೊಬ್ಬರ ಬೆಳೆದ ಮಗನು ತೀರಿಕೊಂಡಾಗ, ನಾನು ಹೋಗಿ ಕುಳಿತು ಗೀತೆಯ ಎರಡನೆಯ ಅಧ್ಯಾಯದ ಶ್ಲೋಕಗಳನ್ನು ಹೇಳಿ ಅರ್ಥವನ್ನೂ ಬಿಡಿಸಿದೆನು. ಆಕೆ ಕೊನೆಯವರೆಗೆ ಕೇಳಿ, "ಮೇಷ್ಟ್ರೇ, ನಾನೇನು ಕರ್ಮ ಮಾಡಿದ್ದೆ ಅಂತ ಅದರಲ್ಲಿ ಬರೆದಿದೆಯೇ?" ಎಂದು ಕೇಳಿ ಒಳಕ್ಕೆ ಹೋದರು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಯೇಸುವನ್ನು ಕೇಳಿದರೆಂದು ಯೋಹಾನನ ಸುವಾರ್ತೆಯಲ್ಲಿದೆ. ಇಬ್ಬರೂ ಅಲ್ಲವೆಂದು ಅವನು ಹೇಳಿದನು. ಆ ದಿನ ನನ್ನ ಬಾಯಿಂದ ಅಷ್ಟು ಮಾತೂ ಹೊರಡಲಿಲ್ಲ. ವಸಿಷ್ಠನ ಶಿಷ್ಯನು ಹಿಂದಿರುಗಿದ ದಾರಿಯಲ್ಲಿಯೇ ನಾನೂ ಹಿಂದಿರುಗಿದೆನು.

ಗ್ರಂಥದ ಕೊನೆಯ ಪುಟದಲ್ಲಿ ಜಾಯ್ ಪಾದ್ರಿಗೆ, ತನಗೂ ದೇವರಿಗೂ ಸಮಾಧಾನವಾಗಿದೆಯೆಂದು ಹೇಳಿ ನಗುತ್ತಾಳೆ. ಆ ನಗೆ ತನ್ನ ಕಡೆಗಿರಲಿಲ್ಲವೆಂದು ಗಂಡನು ಬರೆದುಕೊಂಡಿದ್ದಾನೆ. ಅನಂತರ ಡಾಂಟೆ ಕವಿಯ ಒಂದು ಪಂಕ್ತಿ, ಇಟಾಲಿಯನ್ ಭಾಷೆಯಲ್ಲಿಯೇ. ಈ ಪುಸ್ತಕವನ್ನು ಕನ್ನಡಕ್ಕೆ ತರುವವರು ಆ ಪಂಕ್ತಿಯನ್ನು ಅನುವಾದಿಸದೆ ಬಿಟ್ಟು, 1959ರ ಪ್ರಬಂಧವನ್ನು ಮೊದಲಿಗೆ ಸೇರಿಸಿಕೊಂಡರೆ ಒಳ್ಳೆಯದು. ಪ್ರಬಂಧವನ್ನು ಓದದೆ ಶೋಕಗ್ರಂಥವನ್ನಷ್ಟೇ ಓದಿದವರಿಗೆ ಅವನು ಕಳೆದುಕೊಂಡುದು ಏನೆಂಬುದು ಅರ್ಧ ಮಾತ್ರ ತಿಳಿಯುತ್ತದೆ.