ರಾಣಿಯ ಸಾವಿಗೆ ಕಾರಣ ಬೇಕೆ?

ಕಥೆ ಬರೆಯಲು ಕಲಿಸುವ ಕಮ್ಮಟಗಳಲ್ಲಿ ಇ.ಎಂ. ಫಾರ್ಸ್ಟರನ ರಾಜ ಮತ್ತು ರಾಣಿ ಇವತ್ತಿಗೂ ಸಾಯುತ್ತಲೇ ಇದ್ದಾರೆ. ರಾಜ ಸತ್ತು, ಆಮೇಲೆ ರಾಣಿಯೂ ಸತ್ತರೆ ಅದು ಬರೀ ಕಥೆ. ದುಃಖ ತಾಳದೆ ಸತ್ತಳು ಎಂದರೆ ಪ್ಲಾಟ್. 1927ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಕ್ಲಾರ್ಕ್ ಉಪನ್ಯಾಸ ಕೊಡುತ್ತ ಫಾರ್ಸ್ಟರ್ ಕೈಬೀಸಿ ಎಸೆದ ಉದಾಹರಣೆ ಇದು. ಅದೇ ವರ್ಷ ‘ಆಸ್ಪೆಕ್ಟ್ಸ್ ಆಫ್ ದಿ ನಾವೆಲ್’ನಲ್ಲಿ ಅಚ್ಚಾಗಿ, ಎಂ.ಎ. ನೋಟ್ಸುಗಳಿಗೆ ಇಳಿದು, ಚಿತ್ರಕಥೆಯ ಕೈಪಿಡಿಗಳಿಗೆ ಹರಿದು, ಈಗ ಒಂದು ಆಜ್ಞೆಯಾಗಿ ಗಟ್ಟಿಯಾಗಿದೆ: ‘ಆಮೇಲೆ’ ಬೇಡ, ‘ಆದ್ದರಿಂದ’ ಇರಲಿ. ಹೊಸಬರ ಹಸ್ತಪ್ರತಿಯ ಅಂಚಿನಲ್ಲಿ ಕೆಂಪು ಶಾಯಿ ಕೇಳುವ ಪ್ರಶ್ನೆ ಒಂದೇ: ಇವನು ಹೀಗೆ ಮಾಡಿದ್ದಕ್ಕೆ ಕಾರಣವೇನು?

ಪುಸ್ತಕ ಓದಲು ಸೊಗಸಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಎಲ್ಲ ಕಾಲದ ಕಾದಂಬರಿಕಾರರನ್ನೂ ಒಂದೇ ದುಂಡು ಕೋಣೆಯಲ್ಲಿ ಕೂರಿಸಿ ಒಟ್ಟಿಗೆ ಬರೆಸುವ ಕಲ್ಪನೆ ಇವತ್ತಿಗೂ ತಾಜಾ. ಚಪ್ಪಟೆ ಪಾತ್ರ, ದುಂಡು ಪಾತ್ರಗಳ ವಿಂಗಡಣೆಯನ್ನು ಮರುವರ್ಷವೇ ಎಡ್ವಿನ್ ಮ್ಯೂರ್ ಪ್ರಶ್ನಿಸಿದ. ಅದನ್ನು ಮತ್ತೆ ಕೆದಕಬೇಕಾಗಿಲ್ಲ. ಕಾದಂಬರಿಯನ್ನು ಕುರಿತ ಪುಸ್ತಕದಲ್ಲಿ ಭಾಷೆಯ ಬಗ್ಗೆ ಹೆಚ್ಚುಕಡಿಮೆ ಏನೂ ಇಲ್ಲವಲ್ಲ ಎಂದು ವರ್ಜೀನಿಯಾ ವುಲ್ಫ್ ಆಗಲೇ ಆಕ್ಷೇಪ ಎತ್ತಿದ್ದಳು. ನನ್ನ ತಕರಾರು ಆ ರಾಜ-ರಾಣಿಯರ ಬಗ್ಗೆ ಮಾತ್ರ. ಇಷ್ಟು ದುರ್ಬಲವಾದ ಉದಾಹರಣೆಗೆ ಇಷ್ಟು ದೊಡ್ಡ ಪೀಠ ಸಿಕ್ಕಿದ್ದು ಹೇಗೆ?

ದುಃಖದಿಂದ ಸತ್ತಳು ಎಂದು ಯಾರು ಹೇಳಿದರು? ವೈದ್ಯನೇ, ದಾಸಿಯೇ, ಪಟ್ಟಕ್ಕೆ ಕಾದು ಕೂತ ಮೈದುನನೇ? ಕಾರಣ ಎನ್ನುವುದು ಘಟನೆಯೊಳಗೆ ಇರುವುದಿಲ್ಲ, ಯಾರದೋ ಬಾಯಲ್ಲಿರುತ್ತದೆ. ಫಾರ್ಸ್ಟರನ ವಾಕ್ಯದಲ್ಲಿ ಬಾಯಿಯೇ ಇಲ್ಲ. ನಮ್ಮ ಕಡೆಯ ಓದುಗನಿಗಂತೂ ರಾಜನ ಹಿಂದೆಯೇ ರಾಣಿ ಸತ್ತಳೆಂದರೆ ಮೊದಲು ಹೊಳೆಯುವುದು ಮಾಸ್ತಿಕಲ್ಲು. ಊರೂರಿನ ಹೊರಗೆ, ಬಳೆ ತೊಟ್ಟ ತೋಳನ್ನು ಎತ್ತಿ ನಿಂತ ಆ ಕಲ್ಲುಗಳಲ್ಲಿ ಎರಡು ಸಾವುಗಳಿವೆ. ನಡುವೆ ಇದ್ದದ್ದು ದುಃಖವೋ ರೂಢಿಯೋ ನೆಂಟರ ಒತ್ತಾಯವೋ ಕಲ್ಲು ಬಾಯಿ ಬಿಡುವುದಿಲ್ಲ. ಹನ್ನೊಂದನೆಯ ಶತಮಾನದ ಬೆಳತೂರು ಶಾಸನವನ್ನು ನೋಡಿ. ಗಂಡ ತಲಕಾಡಿನಲ್ಲಿ ರಾಜಾಜ್ಞೆಯಿಂದ ಸತ್ತ ಸುದ್ದಿ ಕೇಳಿ ದೇಕಬ್ಬೆ ಬೆಂಕಿಗೆ ಇಳಿಯುತ್ತಾಳೆ. ಕಾರಣ ಅಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ ಶಾಸನ ಮನಸ್ಸಿನಲ್ಲಿ ಉಳಿಯುವುದು ಹೆತ್ತವರು ಬೇಡ ಬೇಡವೆಂದು ಅವಳನ್ನು ತಡೆಯುವ ಭಾಗದಿಂದ. ಎರಡು ಸಾವುಗಳ ನಡುವೆ ಸಿಕ್ಕಿಬಿದ್ದ ಆ ಹೊತ್ತನ್ನು ‘ಆದ್ದರಿಂದ’ ಎಂಬ ಪದ ನುಂಗಿಹಾಕುತ್ತದೆ.

ಫಾರ್ಸ್ಟರನಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅವನು ಅಲ್ಲೇ ಮೂರನೆಯ ಉದಾಹರಣೆಯನ್ನೂ ಕೊಡುತ್ತಾನೆ: ರಾಣಿ ಸತ್ತಿದ್ದಾಳೆ, ಕಾರಣ ಯಾರಿಗೂ ತಿಳಿದಿಲ್ಲ, ರಾಜನ ಸಾವಿನ ದುಃಖವೇ ಕಾರಣವೆಂದು ಆಮೇಲೆ ಬಯಲಾಗುತ್ತದೆ. ಕಾಲವನ್ನು ಹಿಂದುಮುಂದು ಮಾಡಿದ, ರಹಸ್ಯವಿರುವ ಪ್ಲಾಟ್ ಅದು. ನಿಜವಾದ ಕಸುಬು ಇರುವುದು ಇಲ್ಲಿ. ಘಟನೆಗಳು ಅವೇ, ಕಾರಣವೂ ಅದೇ; ಬದಲಾದದ್ದು ಯಾರಿಗೆ ಯಾವಾಗ ಏನು ತಿಳಿದಿದೆ ಎಂಬುದು. ಕೈಪಿಡಿಗಳು ಎರಡನೆಯ ವಾಕ್ಯವನ್ನು ಹೊತ್ತುಕೊಂಡು ಹೋದವು, ಮೂರನೆಯದನ್ನು ಅಲ್ಲೇ ಬಿಟ್ಟವು. ಪ್ಲಾಟ್ ಕುರಿತ ಅದೇ ಅಧ್ಯಾಯದ ಕೊನೆಗೆ ಫಾರ್ಸ್ಟರ್ ಇಡೀ ಪ್ಲಾಟಿನ ಮೇಲೆಯೇ ಅನುಮಾನಪಟ್ಟು, ಕಾದಂಬರಿಗಳ ಕೊನೆಗಳು ಸೊರಗುವುದು ಪ್ಲಾಟನ್ನು ಕಟ್ಟಿ ಮುಗಿಸುವ ಜುಲುಮೆಯಿಂದಲೇ ಎಂದು ಗೊಣಗಿ, ಆಂದ್ರೆ ಜೀದ್‌ನ ‘ದಿ ಕೌಂಟರ್‌ಫೀಟರ್ಸ್’ ಕಡೆ ಕೈ ತೋರಿಸುತ್ತಾನೆ. ಅಲ್ಲಿಯವರೆಗೆ ಓದುವ ತಾಳ್ಮೆ ಕಮ್ಮಟದವರಿಗೆ ಇದ್ದಂತಿಲ್ಲ.

ಇಲ್ಲಿ ಎರಡು ಬಗೆಯ ವಿಮರ್ಶಕರು ಅಡ್ಡ ಬರುತ್ತಾರೆ. ಒಬ್ಬ ಸಿಮೋರ್ ಚಾಟ್‌ಮನ್. 1978ರ ‘ಸ್ಟೋರಿ ಅಂಡ್ ಡಿಸ್ಕೋರ್ಸ್’ನಲ್ಲಿ ಅವನ ವಾದ ಇದು: ಬರೀ ‘ಆಮೇಲೆ’ ಎಂದರೂ ಓದುಗ ತಾನಾಗಿಯೇ ಕಾರಣ ಹೊಂದಿಸಿಕೊಳ್ಳುತ್ತಾನೆ, ಹಾಗಾಗಿ ಎರಡು ವಾಕ್ಯಗಳ ಅಂತರ ಮೇಲ್ಮೈಯದು. ಒಳ್ಳೆಯ ಏಟು. ಆದರೆ ಅವನು ಅಲ್ಲಿಗೆ ನಿಂತ. ಓದುಗ ಕಾರಣವನ್ನು ಹೊಂದಿಸಿಕೊಳ್ಳುತ್ತಾನೆ ಎಂದಮೇಲೆ ತಪ್ಪು ಕಾರಣವನ್ನೂ ಹೊಂದಿಸಿಕೊಳ್ಳುತ್ತಾನಲ್ಲ? ಆ ತಪ್ಪನ್ನು ಬೇಕೆಂದೇ ಮಾಡಿಸುವುದೇ ಕಾದಂಬರಿಕಾರನ ಜಾಣತನ. ಇನ್ನೊಂದು ಗುಂಪು ಫಾರ್ಸ್ಟರನ ಭಕ್ತರದು. ಅದು ಹರಟೆಯ ಧಾಟಿಯ ಉಪನ್ಯಾಸ, ಶಾಸ್ತ್ರವೆಂದು ತೂಗಬೇಡಿ ಎಂಬುದು ಅವರ ಸಮಜಾಯಿಷಿ. ಶಾಸ್ತ್ರವೆಂದು ತೂಗಿದವರು ನೀವೇ ಅಲ್ಲವೆ ಸ್ವಾಮಿ? ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಮಾಡಿದವರು, ‘ಸಂವಿಧಾನ ಶಿಥಿಲ’ ಎಂದು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೆ ಷರಾ ಬರೆದವರು? ಒಂದರಿಂದ ಇನ್ನೊಂದು ಹುಟ್ಟುವ ಸರಪಳಿ ಅಲ್ಲಿ ಎಷ್ಟೋ ಕಡೆ ಇಲ್ಲ, ನಿಜ. ಗುತ್ತಿ ಮತ್ತು ಅವನ ನಾಯಿ ಹುಲಿಯ ಕಾಡುದಾರಿ ತುಳಿಯುತ್ತಿರುವ ಕಾಲಕ್ಕೆ ವಿವೇಕಾನಂದರು ಕಡಲಾಚೆ ಹೋಗಿರುವುದನ್ನೂ ಕುವೆಂಪು ತರುತ್ತಾರೆ. ಒಂದಕ್ಕೊಂದು ಕಾರಣವಲ್ಲದ ಎರಡು ಸಂಗತಿಗಳು ಒಂದೇ ಹೊತ್ತಿನಲ್ಲಿ ನಡೆಯುತ್ತಿವೆ ಎಂಬುದೇ ಅಲ್ಲಿ ಅರ್ಥ. ‘ಆಮೇಲೆ’, ‘ಆದ್ದರಿಂದ’ಗಳ ಜೊತೆ ‘ಅದೇ ಹೊತ್ತಿಗೆ’ ಎಂಬುದೂ ಕಥನದ ಒಂದು ಕೀಲು. ಫಾರ್ಸ್ಟರನ ಕೋಷ್ಟಕದಲ್ಲಿ ಅದಕ್ಕೆ ಮನೆಯಿಲ್ಲ.

‘ಸಂಸ್ಕಾರ’ ಇನ್ನೂ ಬಿಗಿಯಾದ ಉದಾಹರಣೆ. ಶುರುವಿನಲ್ಲೇ ನಾರಣಪ್ಪ ಸತ್ತಿದ್ದಾನೆ. ಇಲಿಗಳು ಸಾಯುತ್ತಿರುವುದನ್ನು ಕಂಡ ಓದುಗನಿಗೆ ಪ್ಲೇಗಿನ ವಾಸನೆ ಬಡಿಯುತ್ತದೆ; ಅಗ್ರಹಾರದವರಿಗೆ ಅದು ಹೆಣ ಸುಡದೆ ಬಿಟ್ಟದ್ದರ ಅನಿಷ್ಟ. ಒಂದೇ ಸಾಲುಸಾವಿಗೆ ಎರಡು ಕಾರಣಗಳು, ಒಂದು ನಮ್ಮ ತಲೆಯಲ್ಲಿ, ಇನ್ನೊಂದು ಅವರ ತಲೆಯಲ್ಲಿ. ಅನಂತಮೂರ್ತಿಯವರು ಕಾದಂಬರಿಯನ್ನು ನಡೆಸುವುದು ಈ ಎರಡರ ನಡುವಿನ ಸಂದಿನಲ್ಲಿ. ಅಗ್ರಹಾರದ ಹಿರಿಯ ಪಂಡಿತ ಪ್ರಾಣೇಶಾಚಾರ್ಯರು ಕತ್ತಲಲ್ಲಿ ನಾರಣಪ್ಪನ ಜೊತೆಗಿದ್ದ ಚಂದ್ರಿಗೆ ಎದುರಾಗುವುದಕ್ಕೆ ಕೈಪಿಡಿಯ ಕೆಂಪು ಶಾಯಿ ‘ಆಕಸ್ಮಿಕ’ ಎಂದು ಗೆರೆ ಎಳೆದೀತು. ಎಳೆಯಲಿ.

ಆದರೆ ಫಾರ್ಸ್ಟರನ ಸಿದ್ಧಾಂತಕ್ಕೆ ಅತಿ ಕಟುವಾದ ವಿಮರ್ಶೆ ಬರೆದವನು ಫಾರ್ಸ್ಟರನೇ. ಉಪನ್ಯಾಸಕ್ಕೆ ಮೂರು ವರ್ಷ ಮೊದಲು, 1924ರಲ್ಲಿ, ‘ಎ ಪ್ಯಾಸೇಜ್ ಟು ಇಂಡಿಯಾ’ ಹೊರಬಂದಿತ್ತು. ಶುರುಮಾಡಿದಾಗ ಮರಬಾರ್ ಗುಹೆಗಳಲ್ಲಿ ಮಹತ್ವದ್ದೇನೋ ನಡೆಯುತ್ತದೆ ಎಂದಷ್ಟೇ ತಿಳಿದಿತ್ತು, ಏನೆಂದು ತಿಳಿದಿರಲಿಲ್ಲ ಎಂದು ಅವನೇ 1953ರ ಒಂದು ಸಂದರ್ಶನದಲ್ಲಿ ಹೇಳಿಕೊಂಡ. ಕರಡುಗಳಲ್ಲಿ ಒಂದು ಹಂತದಲ್ಲಿ ಹಲ್ಲೆ ನಿಜಕ್ಕೂ ನಡೆಯುತ್ತದೆ: ಗುಹೆಯ ಕತ್ತಲಲ್ಲಿ ಯಾರೋ ಇಂಗ್ಲೆಂಡಿನಿಂದ ಬಂದ ತರುಣಿ ಅಡೆಲಾಳನ್ನು ಹಿಡಿಯುತ್ತಾರೆ, ಅವಳು ಕೈಲಿದ್ದ ದುರ್ಬೀನಿನಿಂದ ಹೊಡೆದು ಬಿಡಿಸಿಕೊಳ್ಳುತ್ತಾಳೆ. ಅಚ್ಚಾದ ಕಾದಂಬರಿಯಲ್ಲಿ ಆ ದೃಶ್ಯವೇ ಇಲ್ಲ. ಅಡೆಲಾ ಮದುವೆಯ ಯೋಚನೆ ಮಾಡುತ್ತ ಗುಹೆ ಹೊಗುತ್ತಾಳೆ. ಲೇಖನಿ ಅವಳ ಬೆನ್ನು ಹತ್ತದೆ, ಗುಹೆ ತೋರಿಸಲು ಕರೆತಂದ ಡಾಕ್ಟರ್ ಅಜೀಜನ ಜೊತೆ ಇನ್ನೊಂದು ಗುಹೆಗೆ ಹೋಗಿ ಸಿಗರೇಟು ಹಚ್ಚುತ್ತದೆ. ಅವನು ಹೊರಬರುವಷ್ಟರಲ್ಲಿ ಅವಳಿಲ್ಲ.

ಆ ದುರ್ಬೀನು ಏನಾಯಿತು ನೋಡಿ. ಫಾರ್ಸ್ಟರ್ ಅದನ್ನು ಕಿತ್ತುಹಾಕಲಿಲ್ಲ. ಪಟ್ಟಿ ಹರಿದು ಗುಹೆಯ ಬಾಯಲ್ಲಿ ಬಿದ್ದಿರುವ ಅದನ್ನು ಅಜೀಜ್ ಎತ್ತಿ ಜೇಬಿಗೆ ಇಳಿಸುತ್ತಾನೆ, ಆಮೇಲೆ ಅದೇ ಅವನ ವಿರುದ್ಧ ಸಾಕ್ಷಿಯಾಗುತ್ತದೆ. ಕರಡಿನಲ್ಲಿ ಅದೊಂದು ಆಯುಧ, ಎಂದರೆ ಒಂದು ಕಾರಣದ ಭಾಗ. ಕಾರಣವನ್ನು ತೆಗೆದಮೇಲೆ ಆಯುಧ ಕುರುಹಾಯಿತು. ಕುರುಹನ್ನು ಪೊಲೀಸರು ಒಂದು ಬಗೆಯಾಗಿ, ಅಜೀಜನ ಇಂಗ್ಲಿಷ್ ಗೆಳೆಯ ಫೀಲ್ಡಿಂಗ್ ಇನ್ನೊಂದು ಬಗೆಯಾಗಿ ಓದಿಕೊಳ್ಳಬಹುದಾಯಿತು. ಕಥೆ ನಡೆಯುವ ಚಂದ್ರಾಪುರವಿಡೀ ಎರಡಾಗಿ ಸೀಳುವುದು ಈ ಖಾಲಿ ಜಾಗದ ಸುತ್ತ. ಹಲ್ಲೆ ಉಳಿದಿದ್ದರೆ ಕಾದಂಬರಿ ಒಂದು ಮೊಕದ್ದಮೆಯಷ್ಟಕ್ಕೆ ಮುಗಿಯುತ್ತಿತ್ತು, ನ್ಯಾಯಾಲಯದಲ್ಲಿ ಅಡೆಲಾ ಮಾತು ಹಿಂತೆಗೆದುಕೊಳ್ಳುವ ಗಳಿಗೆಗೆ ಬೆಲೆಯೇ ಇರುತ್ತಿರಲಿಲ್ಲ. ಗುಹೆಯಲ್ಲಿದ್ದದ್ದು ಮನುಷ್ಯನೋ, ಅತೀತವಾದದ್ದೋ, ಭ್ರಮೆಯೋ ಎಂಬುದನ್ನು ತನ್ನ ಮನಸ್ಸಿನಲ್ಲೂ ಬೇಕೆಂದೇ ಮಸುಕಾಗಿಟ್ಟಿದ್ದೇನೆ ಎಂದು ಗೆಳೆಯ ಲೋವ್ಸ್ ಡಿಕಿನ್ಸನ್‌ಗೆ ಫಾರ್ಸ್ಟರ್ ಪತ್ರ ಬರೆದಿದ್ದ. ಹೀಗೆ ಬರೆದವನು ಮೂರೇ ವರ್ಷದಲ್ಲಿ ವೇದಿಕೆ ಹತ್ತಿ ಕಾರಣವೇ ಪ್ಲಾಟಿನ ಜೀವ ಎಂದ. ತನ್ನ ಅಡುಗೆಮನೆಯ ಗುಟ್ಟನ್ನು ಬಚ್ಚಿಟ್ಟು ಅತಿಥಿಗಳಿಗೆ ಪಾಕಶಾಸ್ತ್ರ ಹೇಳಿದ ಹಾಗಾಯಿತು.

ಕಾರಣ ತುಂಬಿದರೆ ಏನಾಗುತ್ತದೆಂಬ ಪ್ರಯೋಗವೂ ನಡೆದಿದೆ, ಅದೂ ನಮ್ಮ ಪಕ್ಕದಲ್ಲೇ. 1984ರ ಸಿನಿಮಾಕ್ಕಾಗಿ ಡೇವಿಡ್ ಲೀನ್ ಮರಬಾರ್‌ಗೆ ಮಾದರಿಯಾದ ಬಿಹಾರದ ಬರಾಬರ್ ಗುಡ್ಡಗಳನ್ನು ಬಿಟ್ಟು ಸಾವನದುರ್ಗ, ರಾಮನಗರದ ಬಂಡೆಗಳಲ್ಲಿ ಮರಬಾರ್ ಗುಹೆಗಳನ್ನು ಕಟ್ಟಿದ. ಬಂಡೆಗಳು ಅದ್ಭುತವಾಗಿ ಕಾಣುತ್ತವೆ. ಆದರೆ ಲೀನ್‌ಗೆ ಖಾಲಿ ಜಾಗ ಸಹಿಸಲಾಗಲಿಲ್ಲ. ಕಾದಂಬರಿಯಲ್ಲಿಲ್ಲದ ಒಂದು ದೃಶ್ಯವನ್ನು ಮೊದಲೇ ತುರುಕಿದ: ಅಡೆಲಾ ಸೈಕಲ್ ತುಳಿದುಕೊಂಡು ಪಾಳು ಗುಡಿಗೆ ಹೋಗಿ, ಮಿಥುನ ಶಿಲ್ಪಗಳನ್ನು ಕಂಡು, ಕೋತಿಗಳಿಗೆ ಹೆದರಿ ಓಡಿಬರುತ್ತಾಳೆ. ಅಲ್ಲಿಗೆ ಗುಹೆಯಲ್ಲಿ ಆಗುವುದೆಲ್ಲ ಅದುಮಿಟ್ಟ ಕಾಮದ ಲಕ್ಷಣವಾಗಿ ಇಳಿದುಹೋಗುತ್ತದೆ. ಕಮ್ಮಟದ ಗುರುಗಳು ಪೂರ್ತಿ ಅಂಕ ಕೊಡುತ್ತಿದ್ದರು. ಸಿನಿಮಾ ಮಾತ್ರ ಗುಹೆಯಿಂದ ಹೊರಬಂದಮೇಲೆ ಬರೀ ಕೋರ್ಟಿನ ಕಥೆಯಾಗುತ್ತದೆ, ಅಡೆಲಾಳ ಜೊತೆ ಬಂದ ಹಿರಿಯ ಹೆಂಗಸು, ಪೆಗ್ಗಿ ಆಶ್‌ಕ್ರಾಫ್ಟ್‌ಳ ಮಿಸೆಸ್ ಮೂರ್ ಒಬ್ಬಳನ್ನು ಬಿಟ್ಟರೆ.

ಕಾರಣ ಹೆಣೆಯಲು ಕಲಿಸುವುದು ಸುಲಭ. ಯಾವ ಕಾರಣವನ್ನು ಎಲ್ಲಿಂದ ಕೀಳಬೇಕು, ಕಿತ್ತಮೇಲೆ ಯಾವ ದುರ್ಬೀನನ್ನು ಅಲ್ಲೇ ಬಿಡಬೇಕು ಎಂಬುದಕ್ಕೆ ಸೂತ್ರ ಸಿಗುವುದಿಲ್ಲ. ಪಾಠವಂತೂ ಇದೆ. ಫಾರ್ಸ್ಟರನ ಹಸ್ತಪ್ರತಿಗಳನ್ನು ಆಲಿವರ್ ಸ್ಟಾಲಿಬ್ರಾಸ್ ಸಂಪಾದಿಸಿ 1978ರಲ್ಲೇ ಅಚ್ಚು ಹಾಕಿಸಿದ್ದಾನೆ. ಎರಡು ಗುಹೆಗಳನ್ನೂ ಅಕ್ಕಪಕ್ಕ ಇಟ್ಟು ಓದಬಹುದು. ರಾಜ-ರಾಣಿಯರನ್ನು ಕಪ್ಪುಹಲಗೆಯ ಮೇಲೆ ಬರೆಯುವ ಯಾವ ಕಮ್ಮಟದ ಓದುಪಟ್ಟಿಯಲ್ಲೂ ಆ ಸಂಪುಟವನ್ನು ನಾನು ಕಂಡಿಲ್ಲ.