ಹಳೆಯ ಸಾಹಸಕ್ರೀಡೆಗಳ ಪಾಠಪರಿಷ್ಕರಣ

ಲಿಪಿಕಾರನ ತಪ್ಪು ಬೇರೆ, ಕವಿಯ ತಪ್ಪು ಬೇರೆ ಎಂಬುದು ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ವಿದಿತವೇ ಆಗಿದೆ. ಮೊದಲನೆಯದನ್ನು ತಿದ್ದುವುದು ಸಂಪಾದಕನ ಧರ್ಮ. ಎರಡನೆಯದನ್ನು ತಿದ್ದುವುದು ಅಪಚಾರ. ಈ ವಿವೇಕವು ಓಲೆಗರಿಗಳಿಗೆ ಮಾತ್ರ ಸಲ್ಲತಕ್ಕುದಲ್ಲ. 1980 ಮತ್ತು 1990ರ ದಶಕಗಳಲ್ಲಿ ಕಂಪ್ಯೂಟರಿಗಾಗಿ ರಚಿತವಾದ ಕಥಾಪ್ರಧಾನ ಸಾಹಸಕ್ರೀಡೆಗಳನ್ನು ಇಂದಿನ ಯಂತ್ರಗಳಲ್ಲಿ ನಡೆಯಿಸುವ ‘ಸ್ಕಮ್‌ವಿಎಂ’ ಎಂಬ ತಂತ್ರಾಂಶವನ್ನು ಈ ದೃಷ್ಟಿಯಿಂದ ಪರೀಕ್ಷಿಸುವುದು ಯುಕ್ತವಾಗಿದೆ.

ಸ್ವೀಡನ್ ದೇಶದ ಲೂಡ್ವಿಗ್ ಸ್ಟ್ರಿಗಿಯಸ್ ಎಂಬಾತನು ಆರಂಭಿಸಿದ ಈ ತಂತ್ರಾಂಶವು 2001ರಲ್ಲಿ ಹೊರಬಂದಿತು. ಸಿಯೆರಾ ಸಂಸ್ಥೆಯ ಕ್ರೀಡೆಗಳನ್ನು ಓದುವ ಫ್ರೀಎಸ್‌ಸಿಐ ಎಂಬುದು 2009ರಲ್ಲಿ ಇದರೊಡನೆ ಸೇರಿತು. ಇದು ಕ್ರೀಡೆಯನ್ನು ಹೊಸದಾಗಿ ಬರೆಯುವುದಿಲ್ಲ. ಮೂಲದ ಕಡತಗಳನ್ನು ಓದಿ ಅರ್ಥೈಸುವ ವ್ಯಾಖ್ಯಾತೃವಿನ ಸ್ಥಾನದಲ್ಲಿ ನಿಲ್ಲುವುದು. ದೋಷವಿರುವಲ್ಲಿ ಒಂದು ನಿಯತವಾದ ಸಂಕೇತಪಂಕ್ತಿಯನ್ನು ಹುಡುಕಿ, ಅದು ಸರಿಹೊಂದಿದರೆ ಸ್ಮೃತಿಯಲ್ಲಿ ಮಾತ್ರ ಬದಲಿಸುವುದು. ಇದನ್ನೇ ಪ್ಯಾಚ್ ಎನ್ನುವರು, ನಮ್ಮ ತೇಪೆ. ಮೂಲಕಡತವು ಅಕ್ಷತವಾಗಿಯೇ ಉಳಿಯುವುದು. ಓಲೆಯ ಮೇಲೆಯೇ ಮಸಿ ಬಳಿದು ತಿದ್ದಿದ ಪಂಡಿತರೂ ಉಂಟಷ್ಟೆ! ಅವರಿಗಿಂತ ಇವರು ಮೇಲು.

ಆದರೆ ಇಲ್ಲಿ ಕವಿಯೂ ಲಿಪಿಕಾರನೂ ಅನೇಕ ವೇಳೆ ಒಬ್ಬನೇ ಆಗಿರುವುದರಿಂದ ದೋಷವನ್ನು ಯಾರ ತಲೆಗೆ ಕಟ್ಟುವುದು? ರಾಬರ್ಟಾ ವಿಲಿಯಮ್ಸ್ ರಚಿಸಿದ ‘ಕಿಂಗ್ಸ್ ಕ್ವೆಸ್ಟ್’ ಐದನೆಯ ಭಾಗವನ್ನು (1990) ನೋಡಬಹುದು. ನಾಯಕನಾದ ಗ್ರಹಾಮನು ಹಸಿದು ತನ್ನಲ್ಲಿರುವ ಪೈ ಎಂಬ ಭಕ್ಷ್ಯವನ್ನು ತಿಂದುಬಿಟ್ಟರೆ, ಮುಂದೆ ಹಿಮಪರ್ವತದಲ್ಲಿ ಯೇತಿಯ ಮುಖಕ್ಕೆ ಎಸೆಯಲು ಏನೂ ಇಲ್ಲದೆ ಮೃತಿಹೊಂದುವನು. ತಿನ್ನುವಾಗ ಯಾವ ಎಚ್ಚರಿಕೆಯೂ ಇಲ್ಲ. ಆಡುವವನಿಗೆ ಇದು ಬಗ್ ಎಂದೇ ತೋರುವುದು. ಮೀಮಾಂಸಕರು ತಾತ್ಪರ್ಯವನ್ನು ನಿರ್ಣಯಿಸುವಂತೆ ಕೃತಿಯ ಒಳಗಿನ ಲಿಂಗಗಳನ್ನೇ ವಿಚಾರಿಸಬೇಕು. ಆ ಮರಣಕ್ಕೆ ಚಿತ್ರವೂ ಮಾತೂ ಸಿದ್ಧವಾಗಿವೆ. ಆದುದರಿಂದ ಅದು ಕರ್ತೃವಿನ ಉದ್ದೇಶ, ಕಠೋರವಾದರೂ ಉದ್ದೇಶವೇ. ಬರೆದಿಟ್ಟ ಸಂಭಾಷಣೆಯು ಒಂದು ಅಂಕೆಯ ತಪ್ಪಿನಿಂದ ಎಂದೂ ಕೇಳಿಬಾರದಿದ್ದರೆ ಮಾತ್ರ ಅದು ಲಿಪಿದೋಷ. ಯಂತ್ರದ ವೇಗವನ್ನು ನಂಬಿ ಕಾಲವನ್ನು ಅಳೆದ ಹಳೆಯ ಕ್ರೀಡೆಗಳು ಇಂದು ಮುಗ್ಗರಿಸುವುದು ಹುಳು ತಿಂದ ಗರಿಯಂಥದು. ಅದನ್ನು ತುಂಬುವುದರಲ್ಲಿ ವಿವಾದವಿಲ್ಲ.

ಮೂಲದೋಷಗಳ ತಿದ್ದುಪಡಿಯನ್ನೂ ಕೈಬಿಟ್ಟ ಭಾಗಗಳ ಪುನಃಸ್ಥಾಪನೆಯನ್ನೂ ಬೇರೆಬೇರೆಯಾಗಿ ಆರಿಸಿಕೊಳ್ಳುವ ಅನುಕೂಲವನ್ನು ಸ್ಕಮ್ ವರ್ಗದ ಕ್ರೀಡೆಗಳಿಗೆ ಈಚೆಗೆ ಕಲ್ಪಿಸಿರುವುದು ಶ್ಲಾಘ್ಯವೇ. ಕರ್ತೃವೇ ಕೈಬಿಟ್ಟದ್ದನ್ನು ಮರಳಿ ಸೇರಿಸುವುದು ಪ್ರಕ್ಷೇಪಕ್ಕೆ ಬಹು ಸಮೀಪ. ಸಿಯೆರಾ ಕ್ರೀಡೆಗಳ ತೇಪೆಗಳಾದರೋ ಬಹುಪಾಲು ಮೌನವಾಗಿ ಬೀಳುವುವು. ಪ್ರತಿಯೊಂದರ ಕಾರಣವನ್ನೂ ಕ್ರಮವಿಧಿಯ ಕಡತದಲ್ಲಿ ಶ್ರದ್ಧೆಯಿಂದ ಬರೆದಿಟ್ಟಿದ್ದರೂ ಅದನ್ನು ತೆರೆದು ಓದುವವರು ವಿರಳ. ಮತ್ತಿಕೆರೆಯ ಮನೆಯೊಂದರಲ್ಲಿ ಇಂದು ಇವನ್ನಾಡುವ ವಿದ್ಯಾರ್ಥಿಗೆ ತಾನು ಕಾಣುತ್ತಿರುವುದು ಮೂಲಪಾಠವೋ ಪರಿಷ್ಕೃತಪಾಠವೋ ತಿಳಿಯದು. ತೆರೆಯ ಮೇಲೆ ಒಂದು ಅಡಿಟಿಪ್ಪಣಿಗೆ ಜಾಗವಿಲ್ಲವೇ?

ಮೂಲವೆಂಬುದೂ ಒಂದೇ ಅಲ್ಲ. ‘ಕ್ವೆಸ್ಟ್ ಫಾರ್ ಗ್ಲೋರಿ’ ನಾಲ್ಕನೆಯ ಭಾಗವು 1993ರಲ್ಲಿ ಫ್ಲಾಪಿಯಲ್ಲಿ ದೋಷಬಹುಳವಾಗಿ ಪ್ರಕಟವಾಯಿತು. 1994ರಲ್ಲಿ ಧ್ವನಿಸಹಿತವಾದ ಸಿಡಿ ಬಂದಿತು. ಸಂಸ್ಥೆಯೇ ಹಂಚಿದ ತೇಪೆ ಬಿದ್ದ ಪ್ರತಿಯು ಇನ್ನೊಂದು ಪಾಠ. ಇವುಗಳ ಪಾಠಾಂತರಗಳನ್ನು ಒಂದೆಡೆ ಕೂಡಿಸಿ ತೋರಿಸುವ ಸಂಸ್ಕರಣವು ಸಾಹಿತ್ಯದ ಅಧ್ಯಾಪಕರು ಕೈಹಾಕಬಹುದಾದ ಕೆಲಸವಾಗಿದೆ.